ಮಧ್ಯಾಹ್ನ ನೀರು ಕುಡಿಯುವ ಏಳನೇ ಗೇಟು

ದೆವ್ವಕ್ಕೆ ರಾತ್ರಿಯೇ ಬೇಕು ಎಂದು ಹೇಳಿದವರು ಯಾರೋ ತಂಪು ಸೀಮೆಯವರಿರಬೇಕು. ನಮ್ಮ ಕಡೆಯ ಮಧ್ಯಾಹ್ನವನ್ನು ಅವರು ಕಂಡಿಲ್ಲ. ರಾತ್ರಿ ನಮ್ಮಲ್ಲಿ ಸಂಸಾರಸ್ಥರ ಹೊತ್ತು. ಅಂಗಳಕ್ಕೆ ಹೊರಸು ಹಾಕಿಕೊಂಡು ಮಂದಿ ಕೂತಿರುತ್ತಾರೆ. ಆ ಹೊತ್ತಿಗೆ ದೆವ್ವವೇನಾದರೂ ಬಂದರೆ ‘ಬಾ, ಕೂಡು, ಯಾವೂರಾಯ್ತು’ ಎಂದು ಎಲೆ ಅಡಿಕೆ ಮುಂದೆ ತಳ್ಳಿಯಾರು. ಮಧ್ಯಾಹ್ನ ಹಾಗಲ್ಲ. ಹನ್ನೆರಡು ದಾಟಿತೆಂದರೆ ಶಹಾಪುರದ ಬೀದಿಗಳು ಬಾಗಿಲು ಎಳೆದುಕೊಳ್ಳುತ್ತವೆ. ನೆರಳು ಪಾದದ ಕೆಳಗೆ ಮಡಚಿಕೊಂಡು ಕೂತುಬಿಡುತ್ತದೆ. ನಾಯಿ ಬೊಗಳಲೆಂದು ಬಾಯಿ ತೆರೆದು, ಬೇಡವೆನಿಸಿ, ಆಕಳಿಸಿ ಮುಚ್ಚುತ್ತದೆ. ಊರಾಚೆ ಕಾಲುವೆ ಒಂದೇ ಎಚ್ಚರವಿರುತ್ತದೆ. ದಂಡೆ ತುಂಬಿದ ನೀರು ಒಂದಿಷ್ಟೂ ಸಪ್ಪಳ ಮಾಡದೆ ಸರಿದು ಹೋಗುವುದನ್ನು ನೀವು ಒಬ್ಬರೇ ನಿಂತು ನೋಡಿದ್ದೀರಾ? ನೋಡಬೇಡಿ. ಹಿಂದೆ ಯಾರೋ ನಿಂತ ಹಾಗಾಗುತ್ತದೆ; ತಿರುಗಿ ನೋಡಿದರೆ ಜಾಲಿ ಗಿಡ.

ನಾನು ಪುಕ್ಕಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಪ್ಪು ನನ್ನದಲ್ಲ, ಸುರಪುರದ ನಮ್ಮ ಅವ್ವನದು. ನಾನು ಚಡ್ಡಿ ಹಾಕುವುದನ್ನು ಕಲಿಯುವ ಮೊದಲೇ ಅವಳು ನನಗೆ ಒಂದು ಕಾಯಿದೆ ಕಲಿಸಿದ್ದಳು: “ಮಟಮಟ ಮಧ್ಯಾಹ್ನದಾಗ ಯಾರರ ಹೆಸರ ಹಿಡದು ಕರದ್ರ ಒಮ್ಮಿಗೇ ಓ ಅನಬ್ಯಾಡ. ದೆವ್ವ ಒಮ್ಮಿ ಅಷ್ಟ ಕರೀತದ. ಮನಷ್ಯಾ ಆದ್ರ ಮತ್ತ ಕರೀತಾನ.” ಈ ಕಾಯಿದೆಯನ್ನು ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ, ಶಾಲೆಯಲ್ಲಿ ಮಧ್ಯಾಹ್ನದ ಹಾಜರಿಗೆ ಮೇಷ್ಟರು “ಹಣಮಂತ” ಎಂದಾಗ ಸುಮ್ಮನೆ ಕೂತಿರುತ್ತಿದ್ದೆ. ಅವರು ಎರಡನೇ ಸಲ ಕರೆಯುವ ಪೈಕಿ ಅಲ್ಲ. ವರ್ಷದ ಕೊನೆಗೆ ನಾನು ಬೆಳಿಗ್ಗೆ ಪೂರ್ತಿ ಹಾಜರು, ಮಧ್ಯಾಹ್ನ ಪೂರ್ತಿ ಗೈರುಹಾಜರು. ಅರ್ಧ ಹುಡುಗನನ್ನು ಪಾಸು ಮಾಡುವುದು ಹೇಗೆಂದು ಹೆಡ್‌ಮಾಸ್ತರರು ತಲೆ ಕೆಡಿಸಿಕೊಂಡರು.

ಇಂಥ ವೀರನಿಗೆ ಸಿಕ್ಕ ಕೆಲಸ, ಶಹಾಪುರದ ಹತ್ತಿರದ ಒಂದು ಕಾಲುವೆ ಕಚೇರಿಯಲ್ಲಿ ಸರ್ವರ್ ಕಾಯುವುದು. ಸರ್ವರ್ ಎಂದರೆ ತಾನೂ ಮಲಗದೆ ಪಕ್ಕದಲ್ಲಿದ್ದವರನ್ನೂ ಮಲಗಗೊಡದ ಕಂಪ್ಯೂಟರು. ಹಿಂದೆ ಸಿಮೆಂಟ್ ಚೀಲ ಒಟ್ಟುತ್ತಿದ್ದ ಕಿಟಕಿಯಿಲ್ಲದ ಕೋಣೆಯಲ್ಲಿ ಅದು ಕೂತಿತ್ತು. ಒಳಗೆ ಹೋದರೆ ಗುಂಯ್ ಎನ್ನುವ ಸದ್ದು, ಕತ್ತಲಲ್ಲಿ ಮಿಟುಕುವ ಹಸಿರು ಕಣ್ಣು, ಗೋಡೆಯಿಂದ ಈಗಲೂ ಉದುರುವ ಸಿಮೆಂಟಿನ ಬೂದಿ. ಹತ್ತು ನಿಮಿಷ ಕೂತು ಹೊರಗೆ ಬಂದರೆ ನಾನೇ ಯಾವುದೋ ಸಮಾಧಿಯಿಂದ ಎದ್ದು ಬಂದವನಂತೆ ಕಾಣುತ್ತಿದ್ದೆ. ಕಚೇರಿಯ ಜೀಪು ನಡೆಸುವ ಖಾಜಾಭಾಯ್ ನನ್ನನ್ನು ಕಂಡಾಗಲೆಲ್ಲ ಎದೆ ಮುಟ್ಟಿಕೊಂಡು, “ಅರೇ ಭಾಯ್, ಮಾರಿ ತೊಳಕೊಂಡ ಬಾರೋ! ಜಿಂದಾ ಇದ್ದೀಯೋ ಇಲ್ಲೋ ತಿಳಿವಲ್ದು” ಎನ್ನುತ್ತಿದ್ದ.

ಸರ್ವರ್ ಮಾಡುತ್ತಿದ್ದ ಕೆಲಸ ಸರಳ. ಕಾಲುವೆಯ ಒಂದೊಂದು ಗೇಟಿನ ಮೇಲೂ ನೀರಿನ ಮಟ್ಟ ಅಳೆಯುವ ಒಂದು ಡಬ್ಬಿ ಇತ್ತು. ಸರ್ವರ್ ನಿಮಿಷಕ್ಕೊಮ್ಮೆ ಎಲ್ಲ ಡಬ್ಬಿಗಳನ್ನೂ ‘ನಿನ್ನ ನೀರೆಷ್ಟು?’ ಎಂದು ಕೇಳಿ ಬರೆದುಕೊಳ್ಳುತ್ತಿತ್ತು. ಅದರ ಬೆನ್ನಿಗೆ ಎರಡು ಕಿಂಡಿ. ಒಂದರಿಂದ ಹೊರಟ ತಂತಿ ಮಾಳಿಗೆಯ ಕಂಬಕ್ಕೆ ಹೋಗಿ, ಅಲ್ಲಿಂದ ಗಾಳಿಯಲ್ಲಿ ಗೇಟುಗಳಿಗೆ. ಇನ್ನೊಂದರ ತಂತಿ ಯಾದಗಿರಿಯ ದೊಡ್ಡ ಕಚೇರಿಗೆ. ಈ ಕಿಂಡಿಗಳಿಗೆ ಸರ್ವರ್ ತಾನೇ ಇಟ್ಟುಕೊಂಡ ಹೆಸರು ‘ಇಥ್ ಸೊನ್ನೆ’ ಮತ್ತು ‘ಇಥ್ ಒಂದು’. ನಾನು ಕೆಲಸಕ್ಕೆ ಸೇರಿದ ದಿನ ಸೊನ್ನೆಯ ತಂತಿ ಹಿಡಿದು ಹೋಗಿ ನೋಡಿದೆ, ಅದು ಗೇಟುಗಳ ಕಡೆಗಿತ್ತು. ‘ಗೇಟುಗಳನ್ನು ಸೊನ್ನೆಯ ಮೂಲಕ ಕೇಳು’ ಎಂದು ಬರೆದೆ. ಒಮ್ಮೆ ಇಟ್ಟ ಹೆಸರು ಸಾಯುವವರೆಗೂ ಇರುತ್ತದೆ ಎಂದು ತಿಳಿದಿದ್ದೆ. ಮನುಷ್ಯರನ್ನು ನೋಡಿ ಯಂತ್ರವನ್ನು ಅಳೆಯಬಾರದು.

ಶುರುವಾದದ್ದು ಒಂದು ಬುಧವಾರ ಮಧ್ಯಾಹ್ನ. ಹನ್ನೆರಡಕ್ಕೆ ಕರೆಂಟು ಹೋಯಿತು. ಸರ್ವರಿನ ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು, ಹಾಗಾಗಿ ಅದೂ ಆರಿತು. ಅರ್ಧ ತಾಸಿಗೆ ಕರೆಂಟು ಬಂದು ಎಲ್ಲ ಹೊತ್ತಿಕೊಂಡಿತು. ಪರದೆಯಲ್ಲಿ ಗೇಟುಗಳು ಒಂದೂ ಉಸಿರೆತ್ತಲಿಲ್ಲ. ಅದೇನೂ ಹೊಸದಲ್ಲ, ಬಿಸಿಲಿಗೆ ಡಬ್ಬಿಗಳು ತಾಸು ಎರಡು ತಾಸು ಮಂಕಾಗುವುದುಂಟು. ಆದರೆ ಏಳನೇ ಗೇಟು, ದೋರನಹಳ್ಳಿ ಕಡೆಯದು, ಅದೊಂದೇ ಮಾತಾಡುತ್ತಿತ್ತು. ಮೂರು ಅಡಿ ನೀರು ಎನ್ನುತ್ತಿತ್ತು. ನಾನೂ ಖಾಜಾಭಾಯಿಯೂ ನೋಡುತ್ತಿದ್ದಂತೆ, ಒಂದೂವರೆಯ ಸುಮಾರಿಗೆ, ನೀರು ಇಳಿಯತೊಡಗಿತು. ಕಾಲುವೆಯ ನೀರು ಇಳಿಯುವ ರೀತಿ ಅದಲ್ಲ. ಕಾಲುವೆ ನಿಧಾನ ಜಾರುತ್ತದೆ. ಇದು ಥಟ್ಟನೆ ಬೆರಳಿನಷ್ಟು ಇಳಿಯಿತು. ನಿಂತಿತು. ಮತ್ತೆ ಬೆರಳಿನಷ್ಟು. ಮತ್ತೆ ನಿಂತಿತು.

ಖಾಜಾಭಾಯ್ ಕಣ್ಣು ಕೀಳದೆ ಪಿಸುಗುಟ್ಟಿದ: “ಯಾರೋ ಕುಡ್ಯಾಕತ್ತಾರ.”

“ಸುಮ್ಕಿರ್ರಿ ಖಾಜಾಭಾಯ್.”

“ನೋಡೋ ನೀನ! ಗುಟುಕು… ಉಸುರು… ಗುಟುಕು. ಬೊಗಸಿ ಹಿಡದು ಕುಡ್ಯಾಕತ್ತಾರ.”

ಹನ್ನೊಂದು ಗುಟುಕು. ಆಮೇಲೆ ಸ್ತಬ್ಧ. ಮೂರು ಗಂಟೆಗೆ ಆ ನೀರು, ಯಾರೋ ಕುಡಿದದ್ದನ್ನೆಲ್ಲ ಒಮ್ಮೆಲೇ ಕಕ್ಕಿದ ಹಾಗೆ, ಸರ್ರನೆ ಏರಿ ಮತ್ತೆ ಮೂರು ಅಡಿಗೆ ನಿಂತಿತು. ನಾನು ಆ ದಿನ ಚಹಾ ಕುಡಿಯಲಿಲ್ಲ. ಏನನ್ನಾದರೂ ಗುಟುಕು ಗುಟುಕಾಗಿ ಕುಡಿಯುವ ಧೈರ್ಯ ಬರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ತಾಯಿತ ಕಟ್ಟಿಸಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ನಮ್ಮ ಇಂಜಿನಿಯರ್ ಮೇಡಂಗೆ ದೆವ್ವದ ಮೇಲೆ ನಂಬಿಕೆಯಿಲ್ಲ, ದಾಖಲೆಯ ಮೇಲೆ ಇದೆ. ಅವರು ಹಿಂದಿನ ದಾಖಲೆ ತೆಗೆಸಿದರು. ಹಿಂದೆಯೂ ಅನೇಕ ಮಧ್ಯಾಹ್ನ ಏಳನೇ ಗೇಟಿನ ನೀರು ಇಳಿದು ಏರಿತ್ತು. ಅವರಿಗೆ ಅರ್ಥ ಸ್ಪಷ್ಟವಾಯಿತು: ಗೇಟು ಕಾಯುವ ಮಲ್ಲಪ್ಪ, ಊರು ಮಲಗಿದ ಹೊತ್ತಿಗೆ ಗೇಟು ಎತ್ತಿ ಬೇಕಾದವರ ಹೊಲಕ್ಕೆ ನೀರು ಬಿಡುತ್ತಾನೆ. ಅಲ್ಲೇ ಕೂತು ಮಲ್ಲಪ್ಪನಿಗೆ ಫೋನು ಹಚ್ಚಿದರು. ಪೂರ್ತಿ ಬಡಿದುಕೊಂಡು ನಿಂತಿತು. ಎತ್ತಲಿಲ್ಲ. “ನೋಡ್ರಿ, ಗೇಟಿನ ಮ್ಯಾಲೇ ಇಲ್ಲ ಅಂವಾ,” ಎಂದು ಫೋನು ಕೆಳಗಿಟ್ಟರು.

ನನಗೆ ಗೊತ್ತಿತ್ತು. ಮಲ್ಲಪ್ಪ ಮಾವ, ನಾನು ಅವರನ್ನು ಕರೆಯುವುದೇ ಹಾಗೆ, ಮಧ್ಯಾಹ್ನ ಮೊದಲ ಫೋನು ಎತ್ತುವುದಿಲ್ಲ. ಅವರ ಅವ್ವನೂ ನಮ್ಮ ಅವ್ವನ ಶಾಲೆಯವಳೇ. ಎರಡನೇ ಸಲ ಹಚ್ಚಿರಿ ಮೇಡಂ, ಎತ್ತುತ್ತಾರೆ ಎಂದು ಹೇಳಬೇಕಿತ್ತು. ಆದರೆ ಸರ್ವರ್ ಕಾಯುವವನು ದೆವ್ವದ ಕಾಯಿದೆ ಹೇಳಿದರೆ ನನ್ನ ಕೆಲಸವೂ ಉಳಿಯಲಿಕ್ಕಿಲ್ಲ ಎನಿಸಿ ಸುಮ್ಮನಿದ್ದೆ. ಈಗಲೂ ಆ ಸುಮ್ಮನಿದ್ದದ್ದು ನೆನಪಾದರೆ ನನ್ನ ಕಿವಿ ಬಿಸಿಯಾಗುತ್ತದೆ.

ಗುರುವಾರ ಮೇಡಂ ಜೀಪಿನಲ್ಲಿ ಗೇಟಿಗೆ ಹೋದರು. ನಾನೂ ಹಿಂದೆ ಕೂತಿದ್ದೆ. ನೀರಿನ ಪಾಳಿ ಕೇಳಲು ಬಂದ ರೈತರು ಮೂವತ್ತು ನಲವತ್ತು ಮಂದಿ ದಂಡೆಯ ಮೇಲಿದ್ದರು. ಅಷ್ಟೂ ಮಂದಿಯ ಮುಂದೆ ಮೇಡಂ ಕಾಗದ ಓದಿ ಹೇಳಿದರು. ಮಲ್ಲಪ್ಪ ಮಾವ ಟಾವೆಲ್ ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು ಕೇಳಿದರು. ಈ ಕಾಲುವೆಗೆ ಮೊದಲ ಸಲ ನೀರು ಬಂದಾಗ, ಊರವರೆಲ್ಲ ನೀರಿನ ಮುಂದೆ ಮುಂದೆ ಓಡಿದ ದಿನದಿಂದ, ಆ ಗೇಟಿನ ಮೇಲೆ ಇರುವ ಮನುಷ್ಯ.

“ಮೇಡಂರಿ, ಕೀಲಿ ನನ್ನ ಉಡದಾರದಾಗ ಅದ. ನಾ ತಗದಿಲ್ರಿ.”

“ಮಷೀನ್ ಸುಳ್ಳ ಹೇಳತದೇನ್ ಮಲ್ಲಪ್ಪ?”

ರೈತರಲ್ಲಿ ಒಬ್ಬ ಇನ್ನೊಬ್ಬನ ಕಡೆ ನೋಡಿದ. ಕಾಲುವೆಯ ತುದಿಯ, ಬಾಲಭಾಗದ ಹೊಲದವನೊಬ್ಬ, ತನಗೆ ಎಂದೂ ನೀರು ಸಾಲದವನು, ದಂಡೆಯ ಮೇಲೆ ಉಗುಳಿ ಎದ್ದು ಹೋದ. ಸೋಮವಾರ ಸಂಜೆ ಕೀಲಿ ತಂದು ಕಚೇರಿಗೆ ಒಪ್ಪಿಸಬೇಕು ಎಂದು ಹೇಳಿ ಮೇಡಂ ಜೀಪು ಹತ್ತಿದರು.

ಶುಕ್ರವಾರ ನಾನು ಒಬ್ಬನೇ ಮೋಟಾರ್‌ಸೈಕಲ್ ಮೇಲೆ ಏಳನೇ ಗೇಟಿಗೆ ಹೋದೆ, ಅದೂ ಮಧ್ಯಾಹ್ನ. ಇದನ್ನು ನಾನು ಶೌರ್ಯವೆಂದು ಹೇಳಿಕೊಳ್ಳಬಹುದಿತ್ತು, ಆದರೆ ದಾರಿಯುದ್ದಕ್ಕೂ ಜೋರಾಗಿ ಮಗ್ಗಿ ಹೇಳಿಕೊಂಡು ಹೋದದ್ದನ್ನು ಕುರಿ ಕಾಯುವವರು ಕೇಳಿಸಿಕೊಂಡಿದ್ದಾರೆ. ಕರೆಂಟು ಹೋಗಿ ಬಂದಿತ್ತು. ಕಚೇರಿಯಲ್ಲಿ ಪರದೆಯ ಮುಂದೆ ಖಾಜಾಭಾಯ್, ಗೇಟಿನ ಮೇಲೆ ನಾನು ಮತ್ತು ಮಾವ. ನಮ್ಮ ಕಣ್ಣೆದುರು ಕಲ್ಲಿನ ಮೇಲೆ ಬರೆದ ಅಳತೆಗೆರೆ. ನೀರು ಮೂರರ ಗೆರೆಯನ್ನು ನೆಕ್ಕುತ್ತ ನಿಂತಿತ್ತು. ಗೇಟಿಗೆ ಬೀಗ.

ಒಂದೂವರೆಗೆ ಫೋನಿನಲ್ಲಿ ಖಾಜಾಭಾಯ್ ದನಿ ಸಣ್ಣಗಾಯಿತು: “ಶುರು ಆಯ್ತೋ. ಒಂದ ಗುಟುಕು.”

ನಾನು ಗೆರೆ ನೋಡಿದೆ. ಮೂರು.

“ಎರಡು… ಮೂರು. ಯಾ ಅಲ್ಲಾ, ಭಾಳ ನೀರಡಿಸ್ಯಾದ ಇವತ್ತ. ಅಲ್ಲಿ ಏನ್ ಕಾಣಾಕತ್ತದ?”

“ಏನೂ ಇಲ್ಲ. ನೀರು ಅಲ್ಲೇ ಅದ.”

“ಅರೇ, ಇಲ್ಲಿ ಇಳ್ಯಾಕತ್ತದಲ್ಲೋ!”

ಕಣ್ಣು ಹೇಳುವುದೊಂದು, ಯಂತ್ರ ಹೇಳುವುದೊಂದು. ಈ ನೀರಿನ ಕೆಳಗೆ ಇನ್ನೊಂದು ನೀರು ಇದೆ, ಅದನ್ನು ಯಾರೋ ಕುಡಿಯುತ್ತಿದ್ದಾರೆ, ನಮಗೆ ಮೇಲಿನದು ಮಾತ್ರ ಕಾಣುತ್ತಿದೆ ಎಂಬ ಹಾಗಾಯಿತು. ನಾನು ಮೆಲ್ಲಗೆ ಮಾವನ ಹಿಂದೆ ಸರಿದು ನಿಂತೆ. ಮಾವ ಮಾತ್ರ ಬೀಡಿ ಹಚ್ಚಿ, “ಹೆದರಬ್ಯಾಡ ತಮ್ಮಾ,” ಎಂದರು. “ಇಷ್ಟ ವರ್ಷ ಇಲ್ಲೇ ಕುಂತೀನಿ. ಕಾಲುವ್ಯಾಗ ಏನರ ಇದ್ರ ನನಗ ಕಾಣ್ತಿತ್ತು. ನಿಮ್ಮ ಕೋಣ್ಯಾಗ ಏನದ, ಅದನ್ನ ನೋಡು ಹೋಗು.”

ಆ ಮಾತು ನನಗೆ ಅವಮಾನವೆನಿಸಿತು. ಆಮೇಲೆ ಕೋಣೆಯ ನೆನಪಾಗಿ ಭಯವೆನಿಸಿತು.

ಮರುದಿನ ಎರಡನೇ ಶನಿವಾರ, ಕಚೇರಿಗೆ ರಜೆ. ಆದರೂ ಹೋದೆ. ಒಬ್ಬನೇ ಆ ಸಿಮೆಂಟಿನ ಗವಿಯಲ್ಲಿ ಬಾಗಿಲು ಮುಚ್ಚಿಕೊಳ್ಳದ ಹಾಗೆ ಇಟ್ಟಂಗಿ ಅಡ್ಡ ಕೊಟ್ಟು ಕೂತೆ. ಹನ್ನೆರಡಕ್ಕೆ ಕರೆಂಟು ಹೋಯಿತು. ಗುಂಯ್ ಎಂಬ ಸದ್ದು ನಿಂತು, ಕೋಣೆ ಕಿವಿಗೊಟ್ಟು ಕೇಳುತ್ತಿರುವ ಹಾಗೆ ಆಯಿತು. ಕರೆಂಟು ಬಂತು. ಯಥಾಪ್ರಕಾರ ಎಲ್ಲ ಗೇಟು ಮೂಕ, ಏಳನೆಯದು ಮಾತ್ರ ಮೂರು ಅಡಿ, ಮೂರು ಅಡಿ ಎನ್ನುತ್ತಿತ್ತು. ಒಂದೂವರೆ ಆಯಿತು. ಎರಡು ಆಯಿತು. ಯಾರೂ ಕುಡಿಯಲಿಲ್ಲ. ನೀರು ಕನ್ನಡಿಯ ಹಾಗೆ ನಿಂತಿತ್ತು. ಕುಡಿಯುವುದಕ್ಕಿಂತ ಕುಡಿಯದೆ ಇರುವುದೇ ಹೆಚ್ಚು ಭಯಂಕರ ಎಂದು ಅವತ್ತು ತಿಳಿಯಿತು. ಅದು ನನ್ನನ್ನು ನೋಡಿ ಬಟ್ಟಲು ಕೆಳಗಿಟ್ಟಿದೆ ಎನಿಸಿತು.

ಹಳೆಯ ದಾಖಲೆ ತೆಗೆದೆ. ಒಂದೊಂದು ದಿನವನ್ನೂ ಬೆರಳಿಟ್ಟು ನೋಡಿದೆ. ಹೋದ ಭಾನುವಾರ ಗುಟುಕು ಇಲ್ಲ. ಅದರ ಹಿಂದಿನ ಭಾನುವಾರವೂ ಇಲ್ಲ. ಹಿಂದಿನ ತಿಂಗಳ ಎರಡನೇ ಶನಿವಾರವೂ ಇಲ್ಲ. ನೀರಡಿಕೆಯಾದರೂ ಎರಡನೇ ಶನಿವಾರ ಮುಟ್ಟದ, ಭಾನುವಾರ ಕಟ್ಟುನಿಟ್ಟಾಗಿ ವಿಶ್ರಾಂತಿ ಪಡೆಯುವ, ಊಟದ ಬಿಡುವಿನಲ್ಲೇ ಬರುವ ದೆವ್ವ! ಇದು ಸತ್ತ ಮೇಲೆ ದೆವ್ವವಾದದ್ದಲ್ಲ, ಇದು ನೌಕರಿಯಲ್ಲಿರುವ ದೆವ್ವ.

ಎದ್ದು ಸರ್ವರಿನ ಬೆನ್ನಿಗೆ ಹೋದೆ. ಯಾದಗಿರಿಯ ತಂತಿ ಎಳೆದೆ. ಏಳನೇ ಗೇಟು ಮೂಕವಾಯಿತು. ಸಿಕ್ಕಿಸಿದೆ. ‘ಮೂರು ಅಡಿ’ ಎಂದಿತು. ಮತ್ತೆ ಎಳೆದೆ, ಮೂಕ. ಮತ್ತೆ ಸಿಕ್ಕಿಸಿದೆ, ಮೂರು ಅಡಿ. ದೋರನಹಳ್ಳಿಯ ನೀರು ನಮಗೆ ಯಾದಗಿರಿಯಿಂದ ಬರುತ್ತಿತ್ತು.

ಆಗ ಎಲ್ಲ ಹೊಳೆಯಿತು. ಕರೆಂಟು ಬಂದು ಸರ್ವರ್ ಎದ್ದಾಗ, ಅದರ ಎರಡು ಕಿಂಡಿಗಳಲ್ಲಿ ಯಾವುದು ಮೊದಲು ಕಣ್ಣು ತೆರೆಯುತ್ತದೋ ಅದಕ್ಕೆ ಸೊನ್ನೆ ಎಂಬ ಹೆಸರು, ಹಿಂದೆ ಎದ್ದದ್ದಕ್ಕೆ ಒಂದು. ಒಮ್ಮೊಮ್ಮೆ ಯಾದಗಿರಿಯ ಕಿಂಡಿ ಮೊದಲು ಎದ್ದುಬಿಡುತ್ತಿತ್ತು. ಅವತ್ತು ಸೊನ್ನೆ ಅದೇ. ನಾನು ‘ಗೇಟುಗಳನ್ನು ಸೊನ್ನೆಯ ಮೂಲಕ ಕೇಳು’ ಎಂದು ಬರೆದಿಟ್ಟಿದ್ದೆನಲ್ಲ, ಪಾಪ ಸರ್ವರ್ ಯಾದಗಿರಿಯ ಕಡೆ ಮುಖ ಮಾಡಿ ‘ಏಳನೇ ಗೇಟೇ, ನಿನ್ನ ನೀರೆಷ್ಟು?’ ಎಂದು ಕೂಗುತ್ತಿತ್ತು. ಮುಂದೆ ಸಂಜೆ ಮತ್ತೆ ಕರೆಂಟು ಹೋಗಿ ಬಂದರೆ ಹೆಸರು ತಿರುಗಾಮುರುಗಾ ಆಗಿ ಎಲ್ಲ ಸರಿಹೋಗುತ್ತಿತ್ತು.

ಹಾಗಾದರೆ ಯಾದಗಿರಿಯಲ್ಲಿ ‘ಓ’ ಎನ್ನುತ್ತಿದ್ದವನು ಯಾರು? ಸೋಮವಾರ ಮೊದಲ ಬಸ್ಸಿಗೆ ಯಾದಗಿರಿಗೆ ಹೋದೆ. ಯಾರೆಂದು ಒಳಗೊಳಗೇ ಗೊತ್ತಿತ್ತು, ಆದರೂ ಕಣ್ಣಾರೆ ನೋಡುವವರೆಗೆ ನಂಬಬಾರದೆಂದು ಹಟ. ಅಲ್ಲಿನ ಕಚೇರಿಯ ಹಿಂದೆ ಒಂದು ತರಬೇತಿ ಕೋಣೆ. ಅದರ ಮೂಲೆಯಲ್ಲಿ ಒಂದು ಸಪೂರ ನೀಲಿ ಡ್ರಮ್ಮು, ಅದರಲ್ಲಿ ಗೇಟಿನ ಹಾಗೆಯೇ ಮೂರು ಅಡಿ ನೀರು, ಮೇಲೆ ತೂಗುಬಿಟ್ಟ ಅಳತೆಯ ಡಬ್ಬಿ. ಹೊಸದಾಗಿ ಬಂದವರಿಗೆ ‘ನೋಡಿರಿ, ಗೇಟಿನಲ್ಲಿ ಹೀಗೆ ಅಳೆಯುತ್ತದೆ’ ಎಂದು ತೋರಿಸಲು ಇಟ್ಟದ್ದು. ಒಂದೂವರೆಗೆ ಗುಮಾಸ್ತರು ಊಟ ಮುಗಿಸಿ ಸಾಲಾಗಿ ಬಂದರು. ಮೊದಲಿನವರು ಮಗ್ಗು ಅದ್ದಿ ನೀರು ತೆಗೆದು ಕೈ ತೊಳೆದರು.

ಶಹಾಪುರದಲ್ಲಿ ಅವತ್ತೂ ಕರೆಂಟು ಹೋಗಿ ಬಂದು ಏಳನೇ ಗೇಟು ಒಂದೇ ಮಾತಾಡುತ್ತಿತ್ತು. ನನ್ನ ಕಿವಿಗೆ ಹಚ್ಚಿದ್ದ ಫೋನಿನಲ್ಲಿ, ಅಲ್ಲಿಂದ, ಖಾಜಾಭಾಯ್: “ಗುಟುಕು!”

ಎರಡನೆಯವರು ಅದ್ದಿದರು.

“ಗುಟುಕು!”

ಮೂರನೆಯ ದಪ್ಪ ಗುಮಾಸ್ತರು ಕೈ ತೊಳೆದು, ಬಾಯಿ ಮುಕ್ಕಳಿಸಿ, ಮತ್ತೆ ಅದ್ದಿದರು.

“ಇದು ದೊಡ್ಡದೋ! ಇದು ಸರದಾರ ಇರಬೇಕು!”

ಗುಮಾಸ್ತರು ಒದ್ದೆ ಕೈ ಒದರುತ್ತ ನನ್ನನ್ನು ನೋಡಿದರು. “ಏನ್ರಿ, ಕೈ ತೊಳಕೊಳ್ಳೋದ ನೋಡಿ ಹಂಗ್ಯಾಕ ಕಣ್ಣಾಗ ನೀರ ತರಾಕತ್ತೀರಿ?”

ಮೂರು ಗಂಟೆಗೆ ಅಲ್ಲಿನ ಜವಾನ ಕೊಡದಿಂದ ಡ್ರಮ್ಮು ತುಂಬಿಸಿದ. ಕಕ್ಕಿದ ದೆವ್ವವನ್ನೂ ಕಂಡ ಹಾಗಾಯಿತು.

ಈಗ ಹೇಳಲೇಬೇಕಾದ ಮಾತು. ಆ ಡ್ರಮ್ಮಿನ ಮೇಲೆ ಆ ಡಬ್ಬಿ ಕಟ್ಟಿದವನು ನಾನು. ಒಂದೊಂದು ಡಬ್ಬಿಗೂ ಅದರದೇ ವಿಳಾಸ ಕೊಡಬೇಕು. ಅವತ್ತು ಸುರಪುರದ ಕೊನೆ ಬಸ್ಸು ತಪ್ಪುತ್ತದೆಂದು ಅವಸರ. ಹೊಸ ವಿಳಾಸ ಯೋಚಿಸುವ ಬದಲು ಏಳನೇ ಗೇಟಿನದನ್ನೇ ನಕಲು ಹೊಡೆದು ಅಂಟಿಸಿ ಓಡಿದ್ದೆ. ಎರಡು ಊರು, ಎರಡು ತಂತಿ, ಎಂದೂ ಎದುರಾಗುವುದಿಲ್ಲ ಎಂದುಕೊಂಡಿದ್ದೆ. ಬಸ್ಸೇನೋ ಸಿಕ್ಕಿತ್ತು.

ಸಂಜೆಯೊಳಗೆ ಶಹಾಪುರಕ್ಕೆ ಬಂದು ಸರ್ವರ್ ಸರಿಮಾಡಿದೆ. ಪ್ರತಿ ಕಿಂಡಿಯ ಯಂತ್ರಕ್ಕೂ ಕಾರ್ಖಾನೆಯಲ್ಲೇ ಹಾಕಿದ ಒಂದು ಅಂಕಿ ಇರುತ್ತದೆ, ನಮ್ಮ ಹುಟ್ಟುಮಚ್ಚೆ ಇದ್ದ ಹಾಗೆ. ಈ ಮಚ್ಚೆಯವನು ಯಾವಾಗ ಎದ್ದರೂ ಅವನ ಹೆಸರು ‘ಗೇಟು’, ಆ ಮಚ್ಚೆಯವನು ಎಷ್ಟು ಬೇಗ ಎದ್ದರೂ ‘ಯಾದಗಿರಿ’ ಎಂದು ಬರೆದು ಮೊಳೆ ಹೊಡೆದೆ. ಎಂಟು ಸಲ ಆರಿಸಿ ಹೊತ್ತಿಸಿದೆ. ಎಂಟೂ ಸಲ ಹೆಸರು ಕದಲಲಿಲ್ಲ. ಆಮೇಲೆ ಮೇಡಂಗೆ ವರದಿ ಬರೆದೆ. ಬಹಳ ಚೆಂದ ಬರೆದೆ. ‘ತಾಂತ್ರಿಕ ದೋಷದ ಕಾರಣ ಏಳನೇ ಗೇಟಿನ ದಾಖಲೆ ತಪ್ಪಾಗಿ ನಮೂದಾಗಿರುತ್ತದೆ.’

ನಾನು ಅದನ್ನು ಕೊಡುವಾಗ ಮಲ್ಲಪ್ಪ ಮಾವ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೇಡಂ ಗಟ್ಟಿಯಾಗಿ ಓದಿದರು. ಇನ್ನೊಮ್ಮೆ ಓದಿದರು. ನಾನು ಡ್ರಮ್ಮು, ಗುಮಾಸ್ತರು, ಮಗ್ಗು ಎಲ್ಲ ಹೇಳಿದೆ. ಮೇಡಂ ಎದ್ದು ನಿಂತರು. “ಮಲ್ಲಪ್ಪನೋರ, ತಪ್ಪಾಯ್ತು. ಕೀಲಿ ನಿಮ್ಮ ಹತ್ರನೇ ಇರ್ಲಿ,” ಎಂದರು.

ಮಾವ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಳ್ಳಲಿಲ್ಲ. “ಇಲ್ಲಿ ಅಂದ್ರ ಯಾರಿಗಿ ಕೇಳತದ್ರಿ?” ಎಂದರು. “ನನ್ನ ಕಳ್ಳ ಅಂತ ಓದಿದ್ದು ದಂಡಿ ಮ್ಯಾಲ. ಆ ಕಾಗದದಾಗ ‘ತಾಂತ್ರಿಕ ದೋಷ’ ಅಂತ ಬರದೀರಂತಲ್ಲ, ಅದು ಯಾವೂರವರ ಮಗ? ಹೆಸರೇನು?”

ಮೇಡಂ ವರದಿಯನ್ನು ನನ್ನ ಕಡೆ ತಿರುಗಿಸಿ, ಪೆನ್ನು ಅದರ ಮೇಲಿಟ್ಟರು. “ಹೆಸರ ಬರೀರಿ ಹಣಮಂತ. ನಾಳೆ ಹನ್ನೆರಡಕ್ಕ ಪಾಳಿ ಮಂದಿ ಕೂಡತಾರ. ನಾನೂ ಬರ್ತೀನಿ. ಮೊದಲ ನಾ ಮಾತಾಡ್ತೀನಿ, ಆಮ್ಯಾಲ ನೀವು ಓದ್ರಿ.”

ಹಾಗೆ ಮಂಗಳವಾರ, ಮಟಮಟ ಮಧ್ಯಾಹ್ನ, ನಾನು ಏಳನೇ ಗೇಟಿನ ಕಟ್ಟೆಯ ಮೇಲೆ ನಿಂತೆ. ಮೇಡಂ ತಮ್ಮ ಮಾತನ್ನು ಎರಡೇ ವಾಕ್ಯದಲ್ಲಿ ಹೇಳಿ ಕೈ ಮುಗಿದರು. ನಾನು ಓದಿದೆ. ಡ್ರಮ್ಮು ಕಟ್ಟಿದ್ದು ನಾನು, ವಿಳಾಸ ನಕಲು ಹೊಡೆದದ್ದು ನಾನು, ಹೆಸರು ಬದಲಾಗುತ್ತದೆಂದು ತಿಳಿಯದೆ ಹೋದದ್ದು ನಾನು. ‘ಗುಮಾಸ್ತರು ಕೈ ತೊಳೆದರು’ ಎಂಬಲ್ಲಿ ಮಂದಿ ನಕ್ಕರು. ಅವತ್ತು ಉಗುಳಿ ಹೋದ ಬಾಲಭಾಗದವನು ಬಂದಿದ್ದ, ಅವನು ನಗಲಿಲ್ಲ. ಓದು ಮುಗಿಯುವವರೆಗೂ ತಲೆ ತಗ್ಗಿಸಿ ನಿಂತಿದ್ದು, ಆಮೇಲೆ ಹೋಗಿ ಮಾವನ ಪಕ್ಕದಲ್ಲಿ ಕೂತು ಬೀಡಿ ಕೇಳಿ ಇಸಿದುಕೊಂಡ. ಮಾವ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡರು.

ಖಾಜಾಭಾಯ್ ಹಬ್ಬಿಸಿದ ದೆವ್ವದ ಸುದ್ದಿ ಅಷ್ಟೊತ್ತಿಗೆ ದಂಡೆಯನ್ನೂ ಮುಟ್ಟಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕಿ ಕೈಯನ್ನು ಹಣೆಗೆ ಅಡ್ಡ ಹಿಡಿದು ನನ್ನನ್ನು ನೋಡುತ್ತಿದ್ದಳು. “ಅಂದ್ರ ದೆವ್ವ ಇರಲೇ ಇಲ್ಲೇನೋ ಯಪ್ಪಾ?”

“ಇಲ್ಲಬೇ ಅಮ್ಮಾ. ಎಲ್ಲಾ ನಾನ ಮಾಡಿದ್ದು.”

ಅವಳ ಮುಖದ ಮೇಲೆ ನಿಜವಾದ ಚಿಂತೆ ಕಂಡಿತು. “ದೆವ್ವ ಆಗಿದ್ರ ಒಂದ ನಿಂಬಿಹಣ್ಣಿಗಿ ಹೋಗ್ತಿತ್ತು,” ಎಂದಳು. “ಇವಂಗೇನ್ ಮಾಡೋದೋ ಮಲ್ಲಪ್ಪ?”

ಮಲ್ಲಪ್ಪ ಮಾವ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ಅಳೆದರು. “ಉಣ್ಣಾಕ ಇಕ್ಕಿದ್ರ ಇದೂ ಹೋಗ್ತದ ಬಿಡಬೇ,” ಎಂದು ಬುತ್ತಿ ಬಿಚ್ಚಿದರು.

ಮೂರು ಸಜ್ಜೆ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ತಿಂದು ಹೋದೆ.